ಮೂರನೆಯ ಮಡಿಕೆ

ಇದನ್ನು ಬರೆಯಲು ತುಂಬ ತಡಮಾಡಿದೆ. ಅಮ್ಮ ಹೋದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಅಮ್ಮ ಹೋಗಿಯೂ ಮೂವತ್ತು ವರ್ಷವಾಯಿತು.

ಐವತ್ತರ ದಶಕದ ಆ ದಿನಗಳಲ್ಲಿ ಮಂಗಳೂರು ಬಂದರಿನ ಹಿಂದಿನ ನಮ್ಮ ಓಣಿಯ ಹೆಂಗಸರೆಲ್ಲ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನೆನೆಸಿದ ಎಲೆಯ, ಹೊಗೆಸೊಪ್ಪಿನ ವಾಸನೆ ನಮ್ಮ ಗಂಜಿಯಲ್ಲೂ ಇರುತ್ತಿತ್ತು. ಲಗೋರಿ ಆಡಿ ದಣಿದರೆ ನಾನು ಪಕ್ಕದ ಮನೆಯ ಮಾಮಿಯ ಬಳಿ ಕೂರುತ್ತಿದ್ದೆ. ಬೀಡಿಯ ತಲೆಯನ್ನು ಬೇರೆಯವರು ಎರಡು ಮಡಿಕೆ ಮಡಚಿದರೆ ಮಾಮಿ ಮೂರು ಮಡಚುತ್ತಿದ್ದರು. ನನಗೂ ಹಾಗೆಯೇ ಕಲಿಸಿದ್ದರು.

ನಾನು ಆರನೆಯ ತರಗತಿಯಲ್ಲಿದ್ದಾಗ ಮುಷ್ಕರ ಬಂತು. ಸರಿಯಿಲ್ಲವೆಂದು ಬದಿಗಿಟ್ಟ ಬೀಡಿಗೆ ಗುತ್ತಿಗೆದಾರ ಮಜೂರಿ ಕೊಡುತ್ತಿರಲಿಲ್ಲ. ಆಮೇಲೆ ಅದನ್ನೇ ಮಾರುತ್ತಿದ್ದ. "ಹಾಳು ಬೀಡಿಯಾದರೆ ನಮ್ಮ ಎದುರೇ ಮುರಿಯಿರಿ" ಎಂದು ಮೊದಲು ಹೇಳಿದವರು ಮಾಮಿ. ಹೆಂಗಸರು ಖಾಲಿ ತಡ್ಪೆಗಳನ್ನು ಮಗುಚಿಟ್ಟು ಅವನ ಅಂಗಡಿ ಜಗಲಿಯಲ್ಲಿ ಕೂತರು.

ಆಗಲೇ ಮೈದಾನಕ್ಕೆ ಸರ್ಕಸ್ ಬಂದಿತ್ತು. ಗುತ್ತಿಗೆದಾರ ನನ್ನನ್ನು ಕರೆದು, "ಮನೆಯಲ್ಲಿ ಎಲೆ ಉಂಟಲ್ಲ? ನಾಲ್ಕು ಕಟ್ಟು ಬೀಡಿ ತಾ, ಟಿಕೆಟ್ ನನ್ನದು" ಎಂದ. ಅಮ್ಮ ಜಗಲಿಯಲ್ಲಿದ್ದಾಗ ಕಟ್ಟಿ, ಅಂಗಡಿಯ ಹಿಂಬಾಗಿಲಲ್ಲಿ ಕೊಟ್ಟೆ. ಸರ್ಕಸ್ಸಿಗೂ ಹೋದೆ, ಅದನ್ನೂ ಹೇಳಬೇಕು.

ಮರುದಿನ ಅವನು ಆ ಬೀಡಿಗಳನ್ನು ಹೆಂಗಸರ ಮುಂದೆ ಸುರಿದ. "ನಿಮ್ಮವರೇ ಕಟ್ಟಿದ್ದು. ಎಂತ ಮುಷ್ಕರ ಮಾರಾಯ್ರೆ ನಿಮ್ಮದು?"

ಅಮ್ಮ ಒಂದನ್ನು ಎತ್ತಿ ನೋಡಿ ಮಾಮಿಯತ್ತ ತಿರುಗಿದಳು. "ಇದು ನಿನ್ನ ಮಡಿಕೆಯಲ್ವಾ?"

"ನಮಗೆ ಉಪವಾಸ, ಇವಳಿಗೆ ಹಿಂಬಾಗಿಲು" ಎಂದಳು ಹಿಂದಿನಿಂದ ಒಬ್ಬಳು.

ಮಾಮಿ ಬೀಡಿಯನ್ನು ನೋಡಿದರು. ಜಗಲಿಯ ಕೆಳಗೆ ನಿಂತಿದ್ದ ನನ್ನನ್ನೂ ನೋಡಿದರು. "ನಾನು ಕಟ್ಟಿದ್ದಲ್ಲ. ನಂಬಿಕೆ ಇಲ್ಲದವರು ನನ್ನೊಟ್ಟಿಗೆ ಕೂತ್ಕೊಳ್ಳುವುದು ಬೇಡ. ಆದರೆ ಯಾರೂ ಏಳಬೇಡಿ. ಇವನಿಗೆ ಬೇಕಾದ್ದು ಅದೇ."

ನಾನು ಬಾಯಿ ಬಿಡಲಿಲ್ಲ. ಯಾರೂ ಏಳಲಿಲ್ಲ, ಅವರ ಪಕ್ಕದಲ್ಲಿ ಕೂರಲೂ ಇಲ್ಲ. ಜಗಲಿಯ ಬಿಸಿಲು ಬೀಳುವ ತುದಿಯಲ್ಲಿ ಮಾಮಿ ಎಂಟು ದಿನ ಒಬ್ಬರೇ ಕೂತರು. ಒಂಬತ್ತನೆಯ ದಿನ ಗುತ್ತಿಗೆದಾರ ಸೋತು, ಹಾಳು ಬೀಡಿಗಳನ್ನು ಎಲ್ಲರೆದುರು ಮುರಿದ. ಹೆಂಗಸರು ಬೆಲ್ಲ ಹಂಚಿದರು. ಮಾಮಿಯ ಕೈಗೆ ಯಾರೂ ಹಾಕಲಿಲ್ಲ.

ಕಾವೂರಿನ ಕಡೆಗೆ ಮನೆ ಬದಲಿಸಿ ಹೊರಟ ದಿನ ಮಾಮಿ ನನ್ನ ಬೆರಳು ಹಿಡಿದು ಮೆಲ್ಲಗೆ ಹೇಳಿದರು: "ಮೂರನೇ ಮಡಿಕೆ ಸಡಿಲ ಆಗ್ತದೆ ಮಗಾ. ಉಗುರಲ್ಲಿ ಒತ್ತಬೇಕು."

ಈಗ ಆ ಓಣಿಯಲ್ಲಿ ತಡ್ಪೆಗಳಿಲ್ಲ. ಬೀಡಿಯ ತಲೆ ನೋಡಿ ಕಟ್ಟಿದವರ ಹೆಸರು ಹೇಳುವ ಕಣ್ಣುಗಳೂ ಇಲ್ಲ. ಅಂದು ಆ ಕಣ್ಣುಗಳು ತಪ್ಪು ಹೆಸರು ಹೇಳಿದಾಗ ಸುಮ್ಮನಿದ್ದೆ. ಈಗ ಹೇಳುತ್ತೇನೆ. ಮುಷ್ಕರ ಮುರಿದವನು ನಾನು. ಗೆಲ್ಲಿಸಿದವರು ಐಸಮ್ಮ ಮಾಮಿ.