ಖಾಲಿ ಬಿಟ್ಟ ದಿನಗಳು

ಕಳೆದ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ನಾನು ಕೆಲಸ ಮಾಡುವ ಹಂಪಿಯ ಗೆಸ್ಟ್‌ಹೌಸಿನಲ್ಲಿ ಕುಸುಬಿ ಎಣ್ಣೆ ಬೆಚ್ಚಗಾದ ವಾಸನೆ ಬಂತು. ಹಿಂದಿನ ಕೋಣೆಯಲ್ಲಿ ಹೊಸದಾಗಿ ಮಸಾಜ್ ಶುರುವಾಗಿದೆ. ಅದರದೊಂದು ಕಾರ್ಡು ನನ್ನ ಕೌಂಟರಿನ ಮೇಲಿದೆ. ಐದು ಬಗೆಯ ಮಸಾಜು, ಒಂದೊಂದಕ್ಕೆ ಇಂತಿಷ್ಟು ನಿಮಿಷ, ದಿನಾ ಮಾಡಿಸಿಕೊಂಡರೆ ರಿಯಾಯಿತಿ. ಮಾತಂಗ ಬೆಟ್ಟ ಹತ್ತಿಳಿದು ಮೀನಖಂಡ ಹಿಡಿದುಕೊಂಡು ಬಂದಿದ್ದ ದಾವಣಗೆರೆಯ ಟೀಚರೊಬ್ಬರು ಆ ಕಾರ್ಡನ್ನು ಎರಡು ಸಲ ಓದಿ, "ಯಾವುದು ತಗೊಳ್ಳಲಮ್ಮ? ನಾಲ್ಕು ದಿನ ಇರ್ತೀನಿ, ನಾಲ್ಕೂ ದಿನ ಮಾಡಿಸ್ಲಾ?" ಎಂದು ಕೇಳಿದರು.

"ನಿನ್ನೆ ಏನೇನು ಮಾಡಿದ್ರಿ?" ಅಂದೆ.

ಆ ಪ್ರಶ್ನೆ ನನ್ನದಲ್ಲ. ನಮ್ಮ ಓಣಿಯ ಎರಿಯೋ ಅಮ್ಮನದು. ಏಳು ವರ್ಷದ ಹಿಂದೆ ಕೇಳಿದ್ದು, ಎಣ್ಣೆಯ ವಾಸನೆ ಮೂಗಿಗೆ ಬಡಿದ ಕೂಡಲೇ ತಾನಾಗಿ ಬಾಯಿಗೆ ಬಂದುಬಿಟ್ಟಿತು…

ಎರೆಯುವುದೆಂದರೆ ನಮ್ಮ ಕಡೆ ಕೂಸಿಗೂ ಬಾಣಂತಿಗೂ ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು. ನಮ್ಮೂರು ಕಡ್ಡಿರಾಂಪುರದಲ್ಲಿ ಆಕೆಯನ್ನು ಬೇರೆ ಹೆಸರಿನಿಂದ ಕರೆದವರನ್ನು ನಾನು ಕಾಣೆ. ನನ್ನನ್ನು ಎರೆದಿದ್ದಳು, ನನ್ನ ಅವ್ವ ಬಾಣಂತಿಯಾಗಿದ್ದಾಗ ಅವಳನ್ನೂ ಎರೆದಿದ್ದಳು. ಆಕೆ ಎರೆದು ಬೆಳೆಸಿದ ಮಕ್ಕಳ ಪಟ್ಟಿ ಮಾಡಲು ಒಮ್ಮೆ ಕೂತಿದ್ದೆ. ಅರವತ್ಮೂರಕ್ಕೆ ನಿಲ್ಲಿಸಿದೆ, ಇನ್ನೂ ಮೂರು ಓಣಿ ಬಾಕಿ ಇದ್ದವು.

ಆಕೆಯದೊಂದು ವ್ರತವಿತ್ತು. ಮೆಣಸಿನಕಾಯಿ ಮುಟ್ಟುತ್ತಿರಲಿಲ್ಲ. ಕೂಸಿನ ಕಣ್ಣು, ಮೂಗಿಗೆ ಹೋಗುವ ಕೈಗೆ ಖಾರ ತಾಗಬಾರದು ಎಂದು. ಆಕೆಯ ಮನೆಯಲ್ಲಿ ಖಾರದ ಕೆಲಸವೆಲ್ಲ ಸೊಸೆಯದು. ರಸ್ತೆ ಬದಿಯಲ್ಲಿ ನಮ್ಮ ಅಪ್ಪನದು ಒಗ್ಗರಣಿ-ಮಿರ್ಚಿ ಅಂಗಡಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಸಂಜೆ ಅಲ್ಲಿಗೆ ಬಂದರೆ ಅಪ್ಪ ಆಕೆಗಾಗಿಯೇ ಒಂದು ಬಾಳೆಕಾಯಿ ಬಜ್ಜಿ ಕರಿದು ಕೊಡುತ್ತಿದ್ದ. "ನಿನ್ನ ಎಣ್ಣಿ ಕಾಯ್ದಿರಬೇಕು, ನನ್ನ ಎಣ್ಣಿ ಉಗುರುಬೆಚ್ಚಗಿರಬೇಕು. ಇಬ್ರದೂ ಎಣ್ಣಿ ಕೆಲಸನ ನೋಡಪಾ" ಎಂದು ನಗುತ್ತಿದ್ದಳು.

ನಾನು ಎರಡನೇ ಪಿಯುಸಿಯಲ್ಲಿದ್ದ ವರ್ಷ, ಬಾಳೆಗೊನೆಯ ಲಾರಿಯಿಂದ ಬಿದ್ದ ಎಲೆಯ ಮೇಲೆ ಅಪ್ಪನ ಬೈಕು ಜಾರಿತು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರಿನಲ್ಲಿತ್ತು. ಬಿಚ್ಚಿದ ದಿನ ಒಳಗಿಂದ ಬಂದ ಕೈ ಅಪ್ಪನದೆಂದು ನಂಬುವುದು ಕಷ್ಟವಾಯಿತು. ಬಿಳಿಚಿಕೊಂಡಿತ್ತು, ಸಣ್ಣಗಾಗಿತ್ತು, ಬೆರಳು ಮಡಚುತ್ತಿರಲಿಲ್ಲ.

ಮಿರ್ಚಿ ಕರಿಯುವುದೆಲ್ಲ ಆ ಬೆರಳುಗಳ ಕೆಲಸ. ತೊಟ್ಟು ಹಿಡಿದು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ, ಪಾತ್ರೆಯ ಅಂಚಿಗೆ ಒಂದು ಮಗ್ಗುಲು ಒರೆಸಿ, ಕಾದ ಎಣ್ಣೆಗೆ ಸಿಡಿಯದಂತೆ ಜಾರಿಸಬೇಕು. ಬೆರಳು ಒಂದು ಕ್ಷಣ ತಡವಾಗಿ ಬಿಟ್ಟರೂ ಕೈ ಸುಡುತ್ತದೆ. ಅವ್ವ ಅಂಗಡಿ ಮುಚ್ಚಗೊಡದೆ ನಡೆಸುತ್ತಿದ್ದಳು. ಆದರೆ ಅಪ್ಪನನ್ನು ಬಾಣಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. "ಬೆರಳು ಮಾತು ಕೇಳೋ ತನಕ ಈ ಕಡೆ ಬರಬ್ಯಾಡ್ರಿ" ಅಂದಳು. ಅಪ್ಪ ಎಡಗೈಯಲ್ಲಿ ಚಮಚ ಹಿಡಿದು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಮತ್ತೆ ಬಾಣಲೆಯ ಮುಂದೆ ಕೂರುತ್ತಾನೋ ಇಲ್ಲವೋ ಎಂಬುದು ನಮ್ಮ ಮೂವರ ಮನಸ್ಸಿನಲ್ಲೂ ಇತ್ತು.

ಮೊದಲು ಬಂದವನು ಸಂಡೂರಿನ ಸೋದರಮಾವ. ಗಣಿಯಲ್ಲಿ ಲಾರಿ ಓಡಿಸುತ್ತಿದ್ದ, ಹುಡುಗನಾಗಿದ್ದಾಗ ಗರಡಿಗೆ ಹೋದವನು. "ಏನ್ ಭಾವಾ, ದಿನಾ ಗರಡಿ ಮಾಲೀಶು ಆಗಬೇಕು. ಎಮ್ಮಿ ಮೈ ತಿಕ್ಕಿದಂಗ ತಿಕ್ಕಬೇಕು. ಹದಿನೈದು ದಿನಕ್ಕ ಮಸ್ತ್ ಆಗ್ತೈತಿ" ಅಂದ.

ಎರಿಯೋ ಅಮ್ಮ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. "ಎಮ್ಮಿಗೆ ಎಲುಬು ಮುರಿದಿರಂಗಿಲ್ಲಪಾ" ಎಂದು ಒಳಗೆ ಬಂದು ಕೂತಳು. ಹೊಸಪೇಟೆಯ ಡಾಕ್ಟರು ಬರೆದ ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿದಳು. ಬೆರಳು ತಾವಾಗಿ ಆಡಿಸಬೇಕು, ಮೆಲ್ಲಗೆ ಎಣ್ಣೆ ಹಚ್ಚಬಹುದು, ಎಳೆಯಬಾರದು, ತಿರುಚಬಾರದು ಎಂದಿತ್ತು. ಆಮೇಲೆ ಅಪ್ಪನಿಗೆ ತನ್ನ ಹೆಬ್ಬೆರಳು ಕೊಟ್ಟು "ಹಿಡಿ" ಅಂದಳು. ಅವನು ಹಿಡಿದಷ್ಟನ್ನು ಕಣ್ಣು ಮುಚ್ಚಿ ನೋಡಿದಳು. "ನಿನ್ನೆ ಈ ಕೈಲಿಂದ ಏನ್ ಮಾಡಿದಿ?" ಎಂದು ಕೇಳಿದಳು. ಅಪ್ಪ "ಏನಿಲ್ಲ" ಅಂದ.

ಆಕೆಯ ಲೆಕ್ಕದಲ್ಲಿ ಕೈಕೆಲಸ ಮೂರು ಬಗೆ. ತಿಕ್ಕುವುದು, ಒತ್ತುವುದು, ನೀವುವುದು. ತಿಕ್ಕುವುದು ಗಟ್ಟಿ ಮೈಗೆ, ಒತ್ತುವುದು ಬಾಣಂತಿಯ ಸೊಂಟಕ್ಕೆ, ನೀವುವುದು ಕೂಸಿಗೆ. "ಈ ಕೈ ಈಗ ಕೂಸು. ನೀವಿದರ ಸಾಕು. ಸೋಮವಾರ, ಗುರುವಾರ. ವಾರಕ್ಕ ಎರಡ ಸಲ ಅಷ್ಟ" ಎಂದು ತೀರ್ಮಾನ ಕೊಟ್ಟಳು. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿಕೊಂಡು, ಮೊಣಕೈಯಿಂದ ಶುರುಮಾಡಿ, ಮುರಿದ ಜಾಗವನ್ನು ಬಿಟ್ಟು, ಒಂದೊಂದು ಬೆರಳನ್ನೂ ಬುಡದಿಂದ ತುದಿಯವರೆಗೆ ನೀವುತ್ತಿದ್ದಳು. ಎಣ್ಣೆ ಹಚ್ಚುತ್ತಿದ್ದಾಳೋ ಬೆರಳುಗಳನ್ನು ಒಂದೊಂದಾಗಿ ಮಾತಾಡಿಸುತ್ತಿದ್ದಾಳೋ ಎನಿಸುತ್ತಿತ್ತು…

ನಾನು ಆಗಲೂ ಎಲ್ಲವನ್ನೂ ಬರೆದಿಡುವವಳು. ಉದ್ದನೆಯ ನೋಟುಬುಕ್ಕಿನಲ್ಲಿ ನಲವತ್ತೆರಡು ಚೌಕ ಎಳೆದು, ದಿನ ಒಂದು, ಸೋಮವಾರ ಎಂದು ಶುರುಮಾಡಿದೆ. ಆಕೆ ನೀವಿದ ದಿನ ಕೆಂಪು ಶಾಯಿಯ ಗುರುತು. ಹನ್ನೊಂದನೇ ದಿನಕ್ಕೆ ಕೆಂಪು ಗುರುತು ನಾಲ್ಕು, ಖಾಲಿ ಏಳು. ಆ ಏಳು ಚೌಕಗಳು ನನ್ನ ಕಣ್ಣಿಗೆ ಚುಚ್ಚತೊಡಗಿದವು. ನಾಲ್ಕು ಸಲಕ್ಕೆ ಇಷ್ಟು ಗುಣವಾದರೆ ಹನ್ನೊಂದು ಸಲಕ್ಕೆ ಎಷ್ಟಾಗಬೇಕಿತ್ತು ಎಂದು ಲೆಕ್ಕ ಹಾಕಿದೆ. ಮಾವನ ಮಾತು ಬೇರೆ ಕಿವಿಯಲ್ಲಿತ್ತು.

ಹನ್ನೆರಡು, ಹದಿಮೂರು, ಹದಿನಾಲ್ಕನೇ ದಿನ ಅವ್ವ ಅಂಗಡಿಗೆ ಹೋದ ಮೇಲೆ ನಾನೇ ಅಪ್ಪನ ಕೈ ತಿಕ್ಕಿದೆ. ಎಮ್ಮೆಯ ಮೈ ತಿಕ್ಕಿದ ಹಾಗೇ. ಅಪ್ಪ ಹಲ್ಲು ಕಚ್ಚಿ ಕೂತಿದ್ದ, ಅವನಿಗೂ ಅವಸರವಿತ್ತು. ಮೂರು ಚೌಕಗಳಿಗೆ ನೀಲಿ ಗುರುತು ಹಾಕಿ ನಾನು ಬಹಳ ಸಮಾಧಾನಪಟ್ಟೆ.

ಸೋಮವಾರ ಎರಿಯೋ ಅಮ್ಮ ಬಂದು ಕೈ ಮುಟ್ಟಿದವಳೇ ಎಣ್ಣೆಯ ಬಟ್ಟಲನ್ನು ದೂರ ಸರಿಸಿದಳು. ಮಣಿಕಟ್ಟು ಊದಿ ಬಿಸಿಯಾಗಿತ್ತು.

"ಯಾರ ಕೈ ಹಚ್ಯಾರ ಇದಕ್ಕ?"

"ಯಾರಿಲ್ಲಮ್ಮಾ, ನಾನ ಬಾಗಿಲಿಗೆ ಬಡಿಸ್ಕೊಂಡೆ" ಎಂದ ಅಪ್ಪ, ನನ್ನ ಕಡೆ ನೋಡದೆ.

"ಬಾಗಿಲಿಗೆ ಹತ್ತ ಬೆರಳು ಇರ್ತಾವೇನೋ?"

ನನಗೆ ಅಳು ಬಂತು. ಆಕೆ ಬೈಯಲಿಲ್ಲ. "ಇವತ್ತ ನಾ ಮುಟ್ಟಂಗಿಲ್ಲ. ಮೊದಲ ಡಾಕ್ಟರಿಗೆ ತೋರಿಸ್ಕೊಂಡ ಬರ್ರಿ" ಎಂದಳು. ಹೊಸಪೇಟೆಗೆ ಹೋಗುವ ಆಟೋದಲ್ಲಿ ನಾನು ಅಪ್ಪನ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕೂತೆ. ಎಲುಬು ಕದಲಿರಲಿಲ್ಲ. ಒಂದು ವಾರ ಯಾರೂ ಕೈ ಹಚ್ಚಬೇಡಿ, ಬೆರಳು ಮಾತ್ರ ಆಡಿಸುತ್ತಿರಲಿ ಎಂದು ಡಾಕ್ಟರು ಹೇಳಿದರು. ನನ್ನಿಂದ ಅಪ್ಪನಿಗೆ ಒಂದು ವಾರ ಹೋಯಿತು.

ಸಂಜೆ ಆಕೆ ಮತ್ತೆ ಬಂದಳು. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನನ್ನ ನೋಟುಬುಕ್ಕನ್ನು ತರಿಸಿದಳು. ಓದು ಬಾರದವಳು ಚೌಕಗಳ ಮೇಲೆ ಬೆರಳಿಟ್ಟು ಕೇಳಿದಳು, "ಈ ಮನಿ ಯಾಕ ಖಾಲಿ ಬಿಟ್ಟಿ?"

"ಆವತ್ತು ಏನೂ ಮಾಡಿಲ್ಲಲ್ರಿ."

"ನಾ ಮಾಡಿಲ್ಲ. ನಿಮ್ಮಪ್ಪ ಏನ್ ಮಾಡಿದ, ಅದನ್ನ ಬರದೀಯೇನು?"

ನಾನು ಖಾಲಿ ಚೌಕಗಳನ್ನು ಮತ್ತೊಮ್ಮೆ ನೋಡಿದೆ.

"ಕೂಸು ಎರಿಯಾಗ ಬೆಳಿಯಂಗಿಲ್ಲ ಯವ್ವಾ. ಎರದು ಮಲಗಿಸಿದ ಮ್ಯಾಲೆ ಬೆಳಿತೈತಿ. ನಾ ನೀವಿದ ದಿನ ಕೈ ಹಗುರಾಗ್ತೈತಿ, ಅಷ್ಟ. ನಾ ಬರಲಾರದ ದಿನ ಅದು ಕೆಲಸ ಕಲೀಬೇಕು. ಬರಿಯೋದಿದ್ರ ಅದನ್ನ ಬರಿ."

ಅಂದಿನಿಂದ ಖಾಲಿ ಚೌಕಗಳಲ್ಲಿ ನಾನು ಅಪ್ಪನ ಕೆಲಸ ಬರೆಯತೊಡಗಿದೆ. ಹತ್ತೊಂಬತ್ತನೇ ದಿನ, ಅರ್ಧ ಲೋಟ ನೀರು ಹಿಡಿದು ಎಂಟು ಎಣಿಸುವಷ್ಟರಲ್ಲಿ ಬಿಟ್ಟ. ಇಪ್ಪತ್ನಾಲ್ಕು, ಅಂಗಿಯ ಒಂದು ಗುಂಡಿ ಹಾಕಿಕೊಂಡ, ನಾಲ್ಕು ನಿಮಿಷ. ಮೂವತ್ತು, ಒದ್ದೆ ಬಟ್ಟೆ ಹಿಂಡಿದ, ನೀರು ಸ್ವಲ್ಪ ಉಳಿಯಿತು. ಮೂವತ್ತೆಂಟು, ಜೋಳದ ರೊಟ್ಟಿಯನ್ನು ಬಲಗೈಯಲ್ಲಿ ಮುರಿದ. ಆ ದಿನದ ಚೌಕದಲ್ಲಿ "ಗೋಡೆಯ ಕಡೆ ಮುಖ ಮಾಡಲಿಲ್ಲ" ಎಂದೂ ಬರೆದಿದ್ದೇನೆ.

ಸೋಮವಾರ, ಗುರುವಾರ ಆಕೆ ನೀವಿ ಮುಗಿಸಿದ ಮೇಲೆ ಎಣ್ಣೆಯ ಬೆರಳಿನಿಂದಲೇ ನಡುವಿನ ದಿನಗಳ ಒಂದೊಂದು ಚೌಕವನ್ನೂ ಮುಟ್ಟಿ "ಇದರಾಗ ಏನೈತಿ, ಓದು" ಅನ್ನುತ್ತಿದ್ದಳು. ಪುಸ್ತಕವನ್ನು ನೀಟಾಗಿ ಇಟ್ಟುಕೊಳ್ಳುವ ನನಗೆ ಸಂಕಟ. "ಎಣ್ಣಿ ಆಗ್ತೈತ್ರಿ ಅಮ್ಮಾ" ಎಂದರೆ, "ಆಗ್ಲಿ ಬಿಡು, ಎಣ್ಣಿ ಏನ್ ಕಚ್ಚತೈತೇನು?" ಎನ್ನುತ್ತಿದ್ದಳು.

ನಲವತ್ತೆರಡು ಚೌಕ ಸಾಲಲಿಲ್ಲ. ಕೆಳಗೆ ಇನ್ನೂ ಹದಿನಾಲ್ಕು ಎಳೆದೆ. ನಲವತ್ತೇಳನೇ ದಿನದಿಂದ ಅಪ್ಪ ತಣ್ಣೀರಿನ ಬಾಣಲೆ ಮುಂದಿಟ್ಟುಕೊಂಡು, ಮೆಣಸಿನಕಾಯಿಯನ್ನು ಹಿಟ್ಟಿಗದ್ದಿ ನೀರಿಗೆ ಬಿಡುವ ಅಭ್ಯಾಸ ಶುರುಮಾಡಿದ. ಆ ಹೊತ್ತಿಗೇ ಸಂಡೂರಿನಿಂದ ಬಂದ ಮಾವ, "ಏನ್ ಭಾವಾ, ನೀರಾಗ ಮಿರ್ಚಿ ಕರಿತಿ? ಯಾವ ಊರಿಗಿದು ಪಾರ್ಸಲ್ಲು?" ಎಂದು ಬಿದ್ದು ಬಿದ್ದು ನಕ್ಕ. ಅಪ್ಪನೂ ನಕ್ಕ. ಬಹಳ ದಿನಗಳ ಮೇಲೆ ನಕ್ಕಿದ್ದು ಅದು.

ಐವತ್ತೇಳನೇ ದಿನ, ಸೋಮವಾರ ಸಂಜೆ, ಅವ್ವ ಬಾಣಲೆಯ ಹಿಂದಿನಿಂದ ಎದ್ದು ಜಾಗ ಬಿಟ್ಟಳು. ಎರಿಯೋ ಅಮ್ಮ ಬೆಂಚಿನ ಮೇಲೆ ಬಂದು ಕೂತಿದ್ದಳು. ಅಪ್ಪ ಮೆಣಸಿನಕಾಯಿ ಎತ್ತಿಕೊಳ್ಳಲಿಲ್ಲ. ಬಾಳೆಕಾಯಿಯ ಒಂದು ಬಿಲ್ಲೆ ಎತ್ತಿಕೊಂಡ. ಅದಕ್ಕೆ ಹಿಡಿಯಲು ತೊಟ್ಟಿಲ್ಲ, ತೆಳ್ಳಗೆ, ಜಾರುತ್ತದೆ. ಮಿರ್ಚಿಗಿಂತ ಕಷ್ಟ. ಅಪ್ಪ ಅದ್ದಿದ, ಅಂಚಿಗೆ ಒರೆಸಿದ, ಎಣ್ಣೆಗೆ ಜಾರಿಸಿದ. ಒಂದು ಹನಿಯೂ ಸಿಡಿಯಲಿಲ್ಲ.

ಎರಿಯೋ ಅಮ್ಮ ಬಜ್ಜಿ ಮುರಿದು ತಿಂದು, "ಉಪ್ಪು ಕಡಿಮಿ ಆಗೈತಿ ನೋಡಪಾ" ಅಂದಳು.

ಪಕ್ಕದಲ್ಲಿ ಒಗ್ಗರಣಿ ತಿನ್ನುತ್ತಿದ್ದವರೊಬ್ಬರು, "ಭಾಳ ದೊಡ್ಡದು ಬಿಡವ್ವಾ ನಿನ್ನ ಕೈಗುಣ" ಎಂದರು. ಆಕೆ ಅವರ ಕಡೆ ತಿರುಗಿದಳು. "ವಾರಕ್ಕ ಎರಡ ದಿನ ನಂದು, ಐದ ದಿನ ಅಂವಂದು. ಸುಳ್ಳಂದ್ರ ಈ ಹುಡುಗೀನ ಕೇಳ್ರಿ, ಎಲ್ಲಾ ಬರದಿಟ್ಟಾಳ." ಹಾಗೆ ಹೇಳಿ ನನ್ನಿಂದ ನೋಟುಬುಕ್ಕನ್ನು ಕೇಳಿ ಪಡೆದು, ಉಳಿದಿದ್ದ ಕೊನೆಯ ಮೂರು ಚೌಕಗಳನ್ನೂ ಅಲ್ಲೇ, ಅಷ್ಟು ಜನರ ಮುಂದೆ, ಮುಟ್ಟಿ ಓದಿಸಿದಳು. ನಾನು ಇದುವರೆಗೆ ಎಷ್ಟೋ ಪರೀಕ್ಷೆ ಬರೆದಿದ್ದೇನೆ. ಅಂದಿನ ಹಾಗೆ ಎದೆಯುಬ್ಬಿಸಿ ಯಾವ ಉತ್ತರವನ್ನೂ ಓದಿಲ್ಲ.

ಮೂರು ವರ್ಷದ ನಂತರ ಮಂಡಿ ನೋವು ಹೆಚ್ಚಾಗಿ ಆಕೆ ಕಂಪ್ಲಿಯ ಮಗಳ ಮನೆಗೆ ಹೋದಳು. ಅಲ್ಲೇ ತೀರಿಕೊಂಡಳು. ನಮಗೆ ಸುದ್ದಿ ಬಂದಾಗ ಮಣ್ಣು ಮಾಡಿ ಐದಾರು ದಿನ ಆಗಿತ್ತಂತೆ. ಐದೋ, ಆರೋ… ನಾನು ಕೇಳಲಿಲ್ಲ. ಎಲ್ಲದರ ತಾರೀಖು ಬರೆದಿಡುವ ನನ್ನ ಹತ್ತಿರ ಆ ಒಂದು ತಾರೀಖು ಇಲ್ಲ.

ಕೌಂಟರಿನಲ್ಲಿ ಟೀಚರು ಇನ್ನೂ ಕಾಯುತ್ತಿದ್ದರು. "ನಿನ್ನೆ ಎರಡು ಬೆಟ್ಟ ಹತ್ತಿದೆ, ಮೊನ್ನೆ ಅರ್ಧ ದಿನ ಬಸ್ಸು" ಅಂದರು. "ಹಂಗಾದ್ರ ಇವತ್ತ ಒಂದ ಸಲ, ಕಾಲಿಗಷ್ಟ, ಮೆಲ್ಲಗ ನೀವಂತ ಹೇಳ್ರಿ. ನಾಳೆ ಬ್ಯಾಡ. ನಾಳೆ ಹೊಳಿ ದಂಡಿ ಹಿಡಿದು ನಿಧಾನ ಅಡ್ಡಾಡ್ರಿ. ಕಾಲು ಏನ್ ಹೇಳ್ತೈತಿ ನೋಡಿ ನಾಡಿದ್ದು ಯೋಚನೆ ಮಾಡೋಣ" ಅಂದೆ. ಅವರು ನಕ್ಕು, "ಹಿಂಗೆ ಹೇಳಿದ್ರೆ ನಿಮ್ಮ ಮಾಲೀಕರು ನಿನ್ನ ಇಟ್ಕೊತಾರೇನಮ್ಮ? ಯಾರು ಕಲಿಸಿದ್ರು ಇದನ್ನೆಲ್ಲ?" ಎಂದರು.

"ನಮ್ಮ ಓಣ್ಯಾಗ ಎರಿಯೋ ಅಮ್ಮ ಅಂತ ಇದ್ರು" ಅಂದೆ. ಎಷ್ಟು ಹೆಮ್ಮೆಯಿಂದ ಅಂದೆನೆಂದರೆ, "ಇದ್ರು" ಎನ್ನುವುದು ಹೇಳಿ ಮುಗಿದ ಮೇಲೆ ನನಗೆ ಕೇಳಿಸಿತು…

ಸಂಜೆ ಮನೆಗೆ ಬಂದು ಟ್ರಂಕಿನಿಂದ ಆ ನೋಟುಬುಕ್ಕು ತೆಗೆದೆ. ಐವತ್ತಾರು ದಿನ. ಕೆಂಪು ಹದಿನಾಲ್ಕು, ನನ್ನ ತಪ್ಪಿನ ನೀಲಿ ಮೂರು, ಉಳಿದ ದಿನಗಳು ಮೂವತ್ತೊಂಬತ್ತು. ಆ ಮೂವತ್ತೊಂಬತ್ತರಲ್ಲಿ ಮೊದಲ ಏಳು ಬರೀ ಖಾಲಿ. ಉಳಿದವುಗಳ ಮೇಲೆ ಒಂದೊಂದು ಎಣ್ಣೆಯ ಬೆರಳಿನ ಗುರುತಿದೆ. ಕೊನೆಯ ಮೂರು ಸ್ವಲ್ಪ ಹಳದಿ, ಅವು ಬಜ್ಜಿಯವು. ಮೂಗಿಗೆ ಹಿಡಿದು ನೋಡಿದೆ. ಕುಸುಬಿ ಎಣ್ಣೆಯ ವಾಸನೆ ಹೋಗಿಬಿಟ್ಟಿದೆ.

ಹಾಳೆಯನ್ನು ಕಿಟಕಿಗೆ ಎದುರಾಗಿ ಎತ್ತಿ ಹಿಡಿದೆ. ಆಕೆ ಮುಟ್ಟಿದ ಮೂವತ್ತೆರಡು ದಿನಗಳಲ್ಲೂ ಬೆಳಕು ಹಾದು ಬಂತು.