ಸಿಸಿಲಿಗೆ ಹೋಗಿ ಬಂದ ಅಂಗಿ

"ಅಕ್ಕಾ, ಸಿಂಧನೂರಿಗೆ ಹಾದಿ ಇದೇ ಏನ್ರೀ?"

ದಢೇಸುಗೂರಿನ ಕಾಲುವೆ ದಂಡೆಯ ಮೇಲೆ ದಾರಿ ತಪ್ಪಿ ಸ್ಕೂಟಿ ನಿಲ್ಲಿಸಿದ್ದೆ. ನೆಲ್ಲು ನಾಟಿ ಮಾಡುತ್ತಿದ್ದ ಹೆಂಗಸು ತಲೆ ಎತ್ತಿದಳು. ಇಲ್ಲಿನ ಕೂಲಿ ಹೆಂಗಸರಂತೆ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟಿದ್ದಳು.

"ಹಿಂದಕ್ಕ ಹೋಗಬೇಕವ್ವ. ಏನ್ ತರಾಕ ಹೊಂಟಿ?"

"ಅರಿವಿ. ಇಟಲಿ ದೇಶದಾಗ ಸಿಸಿಲಿ ಅಂತ ಐತಿ, ಅಲ್ಲಿಗೆ ಹೊಂಟೀನಿ. ಈಗ ಅಲ್ಲಿ ಹೊರಗ ಬಿಸಲು, ಕಲ್ಲಿನ ಮನಿಯೊಳಗ ಥಂಡಿ. ಒಂದರ ಮ್ಯಾಲೊಂದು ತೊಡಬೇಕು, ಬಿಚ್ಚಬೇಕು."

"ಸಮುದ್ರ ಐತೇನು?"

"ನಾ ಇಳಕೊಳ್ಳೋ ಮನಿ ಮುಂದ ಐತ್ರೀ."

ಅವಳು ಅಂಗಿ ಬಿಚ್ಚಿ ಕೊಟ್ಟಳು. "ಕೆಸರು ಹತ್ತೇತಿ, ಒಗದು ತೊಟ್ಕೋ. ನಮ್ಮವರಿಗೆ ಸಮುದ್ರ ನೋಡೋ ಆಸೆ ಭಾಳ ಇತ್ತು. ರಾಯಚೂರು ದಾಟದನ ತೀರಿಕೊಂಡ್ರು. ಅಂಗಿಯಾದ್ರೂ ಹೋಗಿ ಬರಲಿ. ಆದ್ರ ತಂದು ಕೊಡಬೇಕು ನೋಡು, ಅವರದು ಇದೊಂದೇ ಉಳದೈತಿ."

ಸಿಸಿಲಿಯಲ್ಲಿ ತೊಡದ ಹೊತ್ತಿನಲ್ಲೆಲ್ಲ, ಕಳೆದೀತೆಂಬ ಭಯಕ್ಕೆ ಅದನ್ನು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲೇ ಇಟ್ಟುಕೊಂಡು ತಿರುಗಿದೆ.

ತಿಂಗಳ ಮೇಲೆ ಅದೇ ಗದ್ದೆಗೆ ಹೋಗಿ ಅಂಗಿಯನ್ನು ಅವಳ ಕೈಗಿಟ್ಟೆ. ಗುಂಡಿಗಳನ್ನೆಲ್ಲ ಮುಟ್ಟಿ ನೋಡಿದಳು.

"ಸಮುದ್ರ ತೋರಿಸಿದೇನವ್ವ ಅವರಿಗೆ?"

"ದಿನಾ ತೊಟ್ಕೊಂಡು ದಂಡಿಮ್ಯಾಲೆ ಕುಂತೀನ್ರೀ."

ಅವಳು ಅಂಗಿ ತೊಟ್ಟು ತೋಳು ಎಳೆದುಕೊಂಡಳು. "ತಿರುಗಿದ್ದು ಸಾಕು, ಬರ್ರಿ. ಗದ್ದಿ ತುಂಬ ಕಸ ಬೆಳದೈತಿ," ಎಂದು ಅಂಗಿಗೆ ಹೇಳಿ ಕೆಸರಿಗಿಳಿದಳು.

ಊರೂರು ತಿರುಗುವ ನನಗೆ ಆ ಅಂಗಿಯ ಮೇಲೆ ತುಸು ಹೊಟ್ಟೆಕಿಚ್ಚಾದದ್ದು ನಿಜ.