ಸಿಸ್ಟರ್ ಕೈ ಅಡ್ಡ ಹಿಡಿದ ಸಿನಿಮಾ

ಖಾಲಿ ಬಸ್ಸು ನಮ್ಮ ಸ್ಟಾಪಿನಲ್ಲಿ ನಿಂತು, ಯಾರೂ ಇಳಿಯದೆ ಯಾರೂ ಹತ್ತದೆ, ಉಸ್ಸೆಂದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಡಬ್ಲಿನ್ ಏರ್‌ಪೋರ್ಟ್ ಪಕ್ಕದ ಈ ಸ್ವೋರ್ಡ್ಸ್ ಊರಿನಲ್ಲಿ ವಿಮಾನಗಳೇ ಹಾರದ ಆ ಲಾಕ್‌ಡೌನ್ ದಿನಗಳಲ್ಲಿ ನನಗೆ ಕೇಳುತ್ತಿದ್ದದ್ದು ಆ ಸದ್ದು, ಮತ್ತೆ ನಮ್ಮವರ ಕೆಮ್ಮು.

ಅವರು ರಿಟೈರ್ಡ್ ಫಿಸಿಕ್ಸ್ ಲೆಕ್ಚರರ್. ಮಗಳು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಕೋವಿಡ್‌ನ ಹೊಸ ಔಷಧವೊಂದರ ಟ್ರಯಲ್ ನಡೆಸುವ ಟೀಮಿನಲ್ಲಿದ್ದಳು. ಅಪ್ಪನನ್ನೂ ಅಲ್ಲಿಗೇ ಸೇರಿಸಬೇಕಾಯಿತು. ಮರುದಿನವೇ ಇವರ ಫೋನು: “ಟ್ರಯಲ್‌ಗೆ ಹೂಂ ಅಂದೆ ಕಣೇ!” ಸಿನಿಮಾದ ಮೊದಲ ದಿನದ ಟಿಕೆಟ್ ಸಿಕ್ಕಿದವರ ಉತ್ಸಾಹ.

ಸೋಂಕು ತರಬಾರದೆಂದು ಮಗಳು ಹಿತ್ತಲಲ್ಲೇ ನಿಂತು ಅಡುಗೆಮನೆ ಕಿಟಕಿಯಲ್ಲಿ ಮಾತಾಡುತ್ತಿದ್ದಳು.

“ನಿಮ್ಮಪ್ಪನ ಮೇಲೇ ಎಕ್ಸ್‌ಪೆರಿಮೆಂಟಾ?” ಎಂದೆ.

“ನಾನು ಕೇಳಿಲ್ಲಮ್ಮ. ಮಗಳಾಗಿ ಕೇಳೋ ಹಾಗೂ ಇಲ್ಲ. ಬೇರೆ ಡಾಕ್ಟರ್ ಎಲ್ಲಾ ಹೇಳಿದ್ರು, ಅಪ್ಪಾನೇ ಒಪ್ಕೊಂಡ್ರು. ಹೋಲಿಸಿ ನೋಡೋಕೆ ಕೆಲವರಿಗೆ ಬರೀ ಸಲೈನ್ ಕೊಡ್ತಾರೆ; ಅಪ್ಪನಿಗೆ ಔಷಧಾನೋ ಸಲೈನೋ, ಏನು ಹೋಗ್ತಿದೆ ಅಂತ ನನಗೂ ಗೊತ್ತಿಲ್ಲ.”

“ಬೇಡ ಅನ್ನಬಹುದಿತ್ತಲ್ಲ?”

“ಬೇರೆಯವರ ಅಪ್ಪಂದಿರಿಗೆ ಓಕೆ, ನಮ್ಮಪ್ಪನಿಗೆ ಬೇಡ ಅನ್ಲಾ?”

ಕಿಟಕಿಯಲ್ಲಿಟ್ಟಿದ್ದ ಉಪ್ಪಿಟ್ಟನ್ನು ಮುಟ್ಟದೆ ಹೋದಳು.

ಆಗ ನೆನಪಾದದ್ದು, ಹುಡುಗಿಯಾಗಿದ್ದಾಗ ಕಾನ್ವೆಂಟಿನ ಹಾಲ್‌ನಲ್ಲಿ ನೋಡಿದ ರಷ್ಯನ್ ಸಿನಿಮಾ. ವಿಜ್ಞಾನಿಯೊಬ್ಬಳು ತಾನು ಕಂಡುಹಿಡಿದ ಔಷಧವನ್ನು ಮೊದಲು ಕೊಡುವುದು ತನ್ನ ಮುದುಕ ಮೇಷ್ಟರಿಗೆ. ಅವರಾಗಿಯೇ ತೋಳು ಚಾಚಿರುತ್ತಾರೆ. ನಾಡಿ ಇಳಿಯತೊಡಗುತ್ತದೆ. ನಿಲ್ಲಿಸಿದರೆ ಅವಳ ಜೀವಮಾನದ ಸಂಶೋಧನೆ ಹೋಯಿತು, ನಿಲ್ಲಿಸದಿದ್ದರೆ ಮೇಷ್ಟರು. ಅವಳು ಅವರ ಮೇಲೆ ಬಾಗಿದ್ದೇ ತಡ, ನಮ್ಮ ಸಿಸ್ಟರ್, ಮುತ್ತಿನ ಸೀನೇ ಇರಬೇಕೆಂದು, ಎಂದಿನಂತೆ ಪ್ರೊಜೆಕ್ಟರಿಗೆ ಅಂಗೈ ಅಡ್ಡ ಹಿಡಿದರು. ಕೈ ತೆಗೆಯುವಷ್ಟರಲ್ಲಿ ಕೊನೆಯ ರೀಲು ಮುಗಿದಿತ್ತು.

ಅದೇ ಸಿನಿಮಾವನ್ನು ತಮ್ಮ ಕಾಲೇಜಿನಲ್ಲಿ ಪೂರ್ತಿ ನೋಡಿದ್ದ ಇವರು, ಮದುವೆಯಾದಾಗಿನಿಂದ ಕೊನೆ ಹೇಳದೆ ಸತಾಯಿಸಿದರು. “ನಿಮ್ಮ ಸಿಸ್ಟರ್‌ನ ಕೇಳು, ಹೋಗು” ಎನ್ನುವರು.

ಒಂದು ಸಂಜೆ ನರ್ಸ್ ವಿಡಿಯೊ ಕಾಲ್ ಹಚ್ಚಿ, “ಹೀ ಈಸ್ ಗ್ರ್ಯಾಂಡ್” ಎಂದು ಟ್ಯಾಬ್ಲೆಟ್ಟನ್ನು ಇವರ ಮುಂದೆ ಹಿಡಿದಳು. ಚೆನ್ನಾಗಿದ್ದಾರೆ ಅನ್ನುವುದಕ್ಕೆ ಇಲ್ಲಿಯವರು ಹಾಗೆನ್ನುತ್ತಾರೆ. ಗ್ರ್ಯಾಂಡ್ ಏನೂ ಇರಲಿಲ್ಲ. ಮಾಸ್ಕಿನ ಮೇಲೆ ಬರೀ ಎರಡು ಕಣ್ಣು.

“ರೀ, ಸಾಕು ಅಂದ್ಬಿಡಿ. ಈಗ್ಲೂ ಬಿಡಬಹುದಂತೆ.”

“ನಾನು ಬಿಟ್ರೆ... ಇನ್ಯಾರೋ ಮುದುಕ ಹೂಂ ಅನ್ನಬೇಕಲ್ವೇನೇ?”

“ಹಾಗಾದ್ರೆ ಅದನ್ನಾದ್ರೂ ಹೇಳಿ. ಕೊನೆಗೆ ಅವಳು ನಿಲ್ಲಿಸಿದ್ಲಾ?”

ಕಣ್ಣು ನಕ್ಕಿತು. “ಮನೆಗೆ ಬಂದು ಹೇಳ್ತೀನಿ.” ನಿಧಾನಕ್ಕೆ ತೋಳೆತ್ತಿ, ಸಿಸ್ಟರ್ ಮಾಡಿದಂತೆಯೇ, ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದರು. ಬೆರಳ ಸಂದಿಯಲ್ಲಿ ವಾರ್ಡಿನ ಬೆಳಕು ಕೆಂಪಗೆ ಕಾಣುತ್ತಿತ್ತು. ಆಮೇಲೆ ಕಾಲ್ ಕಟ್ಟಾಯಿತು. ನಾನು ಅವರನ್ನು ಕಂಡದ್ದು ಅದೇ ಕೊನೆ.